ಸ್ವರ್ಗದ ಬಾಗಿಲಿನ ನಂತರ ಹಸಿರು ಗೇಟು

ಮಾವ್ಶಿಯ ಎಡಗಾಲಿನ ಚಪ್ಪಲಿ ನೀಲಿ, ಬಲಗಾಲಿನದ್ದು ಕಪ್ಪು. ಕಪ್ಪಿನದ್ದು ಒಂದು ಅಳತೆ ದೊಡ್ಡದು. ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಿಂತಿದ್ದ ನಾನು ಮೊದಲು ನೋಡಿದ್ದು ಅದನ್ನು. ಮುಖವನ್ನು ಆಮೇಲೆ ನೋಡಿದೆ. ಮುಖ ನಗುತ್ತಿತ್ತು.

"ಬಾಕ್ಸ್ ಎಲ್ಲಿ?" ಎಂದು ಕೇಳಿದ ಅಮ್ಮ ತಕ್ಷಣ ನಾಲಗೆ ಕಚ್ಚಿಕೊಂಡಳು. ಗಲ್ಫಿನಿಂದ ಬಂದವರನ್ನು ನಮ್ಮೂರಿನಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ. ಬಾಯಿಗೆ ಅಭ್ಯಾಸವಾಗಿರುತ್ತದೆ.

"ಬಾಕ್ಸ್ ಸರಕಾರದ ಹತ್ತಿರ ಉಂಟು," ಎಂದಳು ಮಾವ್ಶಿ. "ನನ್ನನ್ನು ಮಾತ್ರ ಬೇಡ ಅಂದರು."

ಮಾವ್ಶಿ ಅಂದರೆ ಅಮ್ಮನ ತಂಗಿ. ಹತ್ತೊಂಬತ್ತು ವರ್ಷ ಆ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ದೇಶದ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇನ್ನೂ ಜನ ಇದ್ದಾರೆ. ವಾರದ ರಜೆಯ ದಿನ ಅವಳು ಮನೆಗೆಲಸದ ಹೆಂಗಸರ ಜೊತೆ ಓಡಾಡುತ್ತಿದ್ದಳು. ಸಂಬಳ ಸಿಗದವರು, ಪಾಸ್‌ಪೋರ್ಟ್ ಕಳೆದುಕೊಂಡವರು, ಮನೆಯೊಳಗೆ ಬೀಗ ಹಾಕಿಸಿಕೊಂಡವರು. ಅವರನ್ನು ಕಾರ್ಮಿಕ ಕಚೇರಿಗೆ, ಅವರವರ ದೇಶದ ರಾಯಭಾರ ಕಚೇರಿಗೆ ಕರೆದುಕೊಂಡು ಹೋಗುವುದು, ಅರ್ಜಿ ಬರೆದುಕೊಡುವುದು. ಇಷ್ಟೇ ಕೆಲಸ. ಒಂದು ಬೆಳಗ್ಗೆ ಪೊಲೀಸರು ನರ್ಸ್‌ಗಳ ಕ್ವಾರ್ಟರ್ಸಿಗೆ ಬಂದರು. ಹನ್ನೊಂದು ದಿನ ಒಂದು ಕೋಣೆಯಲ್ಲಿಟ್ಟರು. ಹನ್ನೆರಡನೆಯ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿ ವಿಮಾನ ಹತ್ತಿಸಿದರು. ಮತ್ತೆ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ.

"ಸಾರ್ವಜನಿಕರ ಹಿತಕ್ಕಾಗಿ ಅಂತ ಬರೆದಿದ್ದರು," ಎಂದಳು ಮಾವ್ಶಿ, ಕಾರಿನಲ್ಲಿ ಕೂತ ಮೇಲೆ. "ಹತ್ತೊಂಬತ್ತು ವರ್ಷ ಅದೇ ಸಾರ್ವಜನಿಕರಿಗೆ ಇಂಜೆಕ್ಷನ್ ಚುಚ್ಚಿದ್ದೇನೆ. ಆಗ ಯಾರೂ ಹಿತದ ಸುದ್ದಿ ಎತ್ತಲಿಲ್ಲ ನೋಡು."

ಅಮ್ಮ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಇಬ್ಬರೂ ಸೇರಿ ನಕ್ಕರು. ನಾನು ಕಾರು ಓಡಿಸುತ್ತಿದ್ದೆ. ನಮ್ಮ ಮನೆ ಕಾವೂರಿನಲ್ಲಿ, ನಿಲ್ದಾಣದಿಂದ ದೂರವೇನಲ್ಲ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ.

ಇಳಿಜಾರಿನ ತಿರುವುಗಳನ್ನು ದಾಟುವಾಗ ಮಾವ್ಶಿ ನಗು ನಿಲ್ಲಿಸಿದಳು. "ಏಳು ಹೆಂಗಸರು ಉಳಿದಿದ್ದಾರೆ," ಎಂದಳು. ಏಳು ಜನರ ವಿವರ ಅವಳ ತಲೆಯಲ್ಲಿ ಮಾತ್ರ ಇತ್ತು. ಬರೆದಿಟ್ಟರೆ ಸಿಕ್ಕಿಬೀಳುತ್ತದೆ ಎಂದು ಬರೆದಿರಲಿಲ್ಲ. ಫೋನು ಪೊಲೀಸರ ಬಳಿ. ಅವಳ ಪಕ್ಕದ ಕೋಣೆಯ ನರ್ಸ್ ನಮ್ಮ ಕಡೆಯವಳೇ. ತನಗೇನಾದರೂ ಆದರೆ ಮುಂದಿನದ್ದು ನೀನು ನೋಡಿಕೋ ಎಂದು ಅವಳೊಂದಿಗೆ ಮೊದಲೇ ಮಾತಾಗಿತ್ತು. ಆದರೆ ವಿವರ ಕೊಡುವಷ್ಟರಲ್ಲಿ ಪೊಲೀಸರು ಬಂದಿದ್ದರು.

ಏಳರಲ್ಲಿ ಐದನೆಯವಳು ಕೂಳೂರು ಸೇತುವೆಯ ಆಚೆಯವಳು. ನನ್ನಷ್ಟೇ ವಯಸ್ಸು. ಶುಕ್ರವಾರ ಬೆಳಗ್ಗೆ ಆರಕ್ಕೆ ಕಸ ಹಾಕುವ ನೆಪದಲ್ಲಿ ಅವಳು ಗೇಟಿನ ಹೊರಗೆ ಬರುತ್ತಾಳೆ, ಅಲ್ಲಿ ಕಾರು ಕಾಯುತ್ತಿರಬೇಕು. ಹಾಗೆಂದು ಮಾವ್ಶಿ ಮಾತು ಕೊಟ್ಟಿದ್ದಳು. ಆ ಹುಡುಗಿಯ ಕೈಯಲ್ಲಿ ಫೋನಿಲ್ಲ. ಬದಲಾವಣೆ ತಿಳಿಸುವ ದಾರಿಯಿಲ್ಲ. ಕಾರು ಇಲ್ಲದೆ ಚೀಲ ಹಿಡಿದು ನಿಂತವಳನ್ನು ಮನೆಯವರು ಕಂಡರೆ ಇನ್ನೊಮ್ಮೆ ಬಾಗಿಲು ತೆರೆಯುವುದಿಲ್ಲ.

ಆ ದಿನ ಮಂಗಳವಾರ.

"ಬರೆದುಕೊಳ್ಳಬೇಕಾ?" ಎಂದೆ. ಕಾವೂರಿನ ಕೆರೆಯ ಹತ್ತಿರ ಕಾರು ನಿಲ್ಲಿಸಿದೆ. ಮಾವ್ಶಿ ನಾಲ್ಕು ವಿಳಾಸಗಳನ್ನು ಸರಾಗವಾಗಿ ಹೇಳಿದಳು. ಐದನೆಯದಕ್ಕೆ ಬಂದು ನಿಂತಳು.

"ಹೆಸರು ಗೊತ್ತುಂಟು. ಮನೆ ಬರ್ತಾ ಇಲ್ಲ."

"ತಾಯಿಯನ್ನು ಕೇಳಿದರೆ?"

"ಅವರಿಗೆ ಮಗಳಿರುವ ಊರಿನ ಹೆಸರೂ ಸರಿ ಗೊತ್ತಿಲ್ಲ ಬಾಯೆ. ನಾನು ಅದನ್ನೆಲ್ಲ ಲದಿನಿನ ಒಳಗೆ ಇಟ್ಟಿದ್ದೇನೆ. ಹೀಗೆ ಬರೀ ಬಾಯಲ್ಲಿ ಕೇಳಿದರೆ ಎಲ್ಲವೂ ಬರುವುದಿಲ್ಲ."

ಲದಿನ್ ಎಂದರೆ ನಮ್ಮ ಸಂಜೆಯ ಜಪಮಾಲೆಯ ಕೊನೆಯಲ್ಲಿ ಬರುವ ಮರಿಯಮ್ಮನವರ ಸ್ತುತಿಮಾಲೆ. ಒಬ್ಬರು ಮಾತೆಯ ಒಂದೊಂದು ಬಿರುದು ಹೇಳುವುದು, ಉಳಿದವರು "ಆಮ್ಚೆ ಖಾತಿರ್ ವಿನತಿ ಕರ್" ಎನ್ನುವುದು. ನಮಗಾಗಿ ಬೇಡಿಕೋ ಎಂದು. ಅದರ ನಡುವೆ ಒಂದು ಕಡೆ ಬಿರುದುಗಳೆಲ್ಲ ಕಟ್ಟಡಗಳೇ: ದಾವಿದನ ಗೋಪುರ, ದಂತದ ಗೋಪುರ, ಬಂಗಾರದ ಮನೆ. ಬೀಗ ಹಾಕಿದ ಆ ಕೋಣೆಯಲ್ಲಿ ಮಾವ್ಶಿ ಅಲ್ಲಿಂದ ಶುರುಮಾಡಿ ಒಂದೊಂದು ಬಿರುದಿನ ಹಿಂದೆ ಒಬ್ಬೊಬ್ಬ ಹೆಂಗಸಿನ ಮನೆಯನ್ನು ಸೇರಿಸಿಬಿಟ್ಟಿದ್ದಳು. ಜೊತೆಗಿದ್ದ ಬೇರೆ ಬೇರೆ ದೇಶದ ಹೆಂಗಸರು ಅವರವರ ಭಾಷೆಯಲ್ಲಿ ಉತ್ತರ ಹೇಳುತ್ತಿದ್ದರಂತೆ. ಉತ್ತರ ಕೇಳಿಸಿದರೆ ಅವಳಿಗೆ ಮುಂದಿನದ್ದು ತಪ್ಪದೆ ಬರುತ್ತಿತ್ತು.

"ಹಾಗಾದರೆ ಮನೆಗೆ ಹೋದ ಕೂಡಲೇ ಹೇಳೋಣ," ಎಂದೆ.

ನಾನು ಅಜ್ಜಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗಳನ್ನು ತಬ್ಬಿಕೊಂಡು, ಹಣೆಗೆ ಶಿಲುಬೆಯ ಗುರುತು ಹಾಕಿ, ಗಂಜಿ ಬಡಿಸಿದ ಮೇಲೆ ಅವಳು ತೀರ್ಪು ಕೊಟ್ಟಳು. "ಲದಿನ್ ಹಾಗೆ ಮಧ್ಯಾಹ್ನ ಮೂರು ಗಂಟೆಗೆ ಬೀದಿಯಲ್ಲಿ ಬಿದ್ದಿರುವ ವಸ್ತುವಾ? ಸಂಜೆ, ಪೂರ್ತಿ ಜಪಮಾಲೆ ಆದ ಮೇಲೆ." ಅವಳಿಗೆ ಎಂಬತ್ತೊಂದು ವರ್ಷ. ಯಾರೂ ವಾದಿಸಲಿಲ್ಲ.

ಸಂಜೆ ಪಕ್ಕದ ಮನೆಯ ಆಂಟಿ ಬಂದರು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು, ಅವರ ಮಗನಿಗೆ ಮಾವ್ಶಿ ಇದ್ದ ಅದೇ ಊರಿನಲ್ಲಿ ದಿನಸಿ ಅಂಗಡಿ. ರಜೆಗೆ ಬಂದವನು ಮರುದಿನ ಬೆಳಗ್ಗಿನ ವಿಮಾನದಲ್ಲಿ ಹೊರಟಿದ್ದ. ಅವನು ಹೋಗುವಾಗಲೆಲ್ಲ ಎರಡು ಕಿಲೋ ನಮ್ಮದು: ಮಾವ್ಶಿಗೆ ಸಿಗಡಿ ಉಪ್ಪಿನಕಾಯಿ, ಹಪ್ಪಳ.

ಆಂಟಿ ಪತ್ತಿರಿ ಎಂಬ ಬಿಸಿ ಅಕ್ಕಿರೊಟ್ಟಿಯ ಡಬ್ಬ ಅಜ್ಜಿಯ ಕೈಗೆ ಕೊಟ್ಟು ಹೇಳಿದರು, "ಬಾಯಮ್ಮ, ಈಗ ಸಿಸ್ಟರ್ ಇಲ್ಲೇ ಇದ್ದಾರಲ್ಲ. ಬ್ಯಾಗಿನಲ್ಲಿ ನಿಮ್ಮ ಎರಡು ಕಿಲೋ ಜಾಗ ಖಾಲಿ ಉಂಟು. ಎಂತ ಮಾಡುವುದು?"

ಮಾವ್ಶಿ ನನ್ನ ಕಡೆ ನೋಡಿದಳು.

"ಕೂತಿರು ಮಾರಾಯ್ತಿ, ಪ್ರಾರ್ಥನೆ ಮುಗಿಯಲಿ," ಎಂದಳು ಅಜ್ಜಿ. ಆಂಟಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸಿಟೌಟಿನಲ್ಲಿ ಕೂತರು.

ಜಪಮಾಲೆ ಆ ದಿನದಷ್ಟು ಉದ್ದವಾಗಿ ನನಗೆ ಯಾವತ್ತೂ ಕಂಡಿಲ್ಲ. ಕೊನೆಗೆ ಲದಿನ್ ಬಂತು. ನಾನು ಮಂಡಿಯೂರಿದಲ್ಲೇ ನೋಟ್‌ಬುಕ್ಕು ತೆರೆದೆ. ಮಾವ್ಶಿ ಕಣ್ಣು ಮುಚ್ಚಿ ಹೇಳುತ್ತಾ ಹೋದಳು.

"ದಾವಿದನ ಗೋಪುರವೇ."

"ಆಮ್ಚೆ ಖಾತಿರ್ ವಿನತಿ ಕರ್."

"ಔಷಧದ ಅಂಗಡಿಯ ಮೇಲೆ, ಮೂರನೆಯ ಮಾಳಿಗೆಯೇ."

"ಆಮ್ಚೆ ಖಾತಿರ್ ವಿನತಿ ಕರ್," ಎಂದಳು ಅಜ್ಜಿ, ಒಂದು ಕ್ಷಣವೂ ತಡೆಯದೆ. ದಂತದ ಗೋಪುರದ ಹಿಂದೆ ಬಂದ ಬಿಳಿ ಕಟ್ಟಡಕ್ಕೂ, ಬಂಗಾರದ ಮನೆಯ ಹಿಂದೆ ಬಂದ ಎರಡು ನೀರಿನ ಟ್ಯಾಂಕಿನ ಮನೆಗೂ ಅಷ್ಟೇ ಭಕ್ತಿಯಿಂದ ಉತ್ತರಿಸಿದಳು. ನಾಲ್ಕನೆಯದೂ ದಾಟಿತು. "ಸ್ವರ್ಗದ ಬಾಗಿಲೇ," ಎಂದಳು ಮಾವ್ಶಿ. ನಾನು ಪೆನ್ನು ಒತ್ತಿ ಹಿಡಿದೆ.

ಆಗ ಅಜ್ಜಿ ಉತ್ತರ ಹೇಳುವ ಬದಲು ಕಣ್ಣು ತೆರೆದಳು. "ಅಲ್ಲ, ಈ ನೀರಿನ ಟ್ಯಾಂಕಿನ ಮಾತೆ ಯಾವ ಊರಿನವಳು? ಎಪ್ಪತ್ತು ವರ್ಷದಿಂದ ಹೇಳ್ತಾ ಇದ್ದೇನೆ, ನಾನು ಕೇಳಿದ್ದಿಲ್ಲ."

ಮಾವ್ಶಿಯ ಸರಪಳಿ ತುಂಡಾಯಿತು. ಐದನೆಯ ಮನೆ ಬರಲಿಲ್ಲ. ಸಿಟೌಟಿನಿಂದ ಆಂಟಿ ಇಣುಕಿ ನೋಡಿದರು. ನಾನು ಸಾಮಾನ್ಯವಾಗಿ ಹಿರಿಯರ ನಡುವೆ ಮಾತಾಡುವವಳಲ್ಲ. ಆದರೂ ಏಳು ಹೆಂಗಸರ ವಿಷಯವನ್ನು, ಶುಕ್ರವಾರದ ವಿಷಯವನ್ನು ಅಜ್ಜಿಗೆ ನಾನೇ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅದನ್ನು ಮೊದಲೇ ಹೇಳಬಾರದಾ? ಮಾತೆ ಹೋಗಿ ನೋಡಬೇಕಾದರೆ ಅವಳಿಗೂ ಎಡ್ರೆಸ್ ಬೇಕಲ್ಲ!" ಎಂದಳು. "ಸುರುವಿನಿಂದ ಹೇಳು."

ಮತ್ತೆ ಮೊದಲಿನಿಂದ. ಈ ಸಲ ಅಜ್ಜಿಯ ಉತ್ತರ ಬೀದಿಗೆ ಕೇಳುವಷ್ಟು ಗಟ್ಟಿ. ಸ್ವರ್ಗದ ಬಾಗಿಲಿಗೆ ಅವಳು ಉತ್ತರ ಹೇಳಿ ಮುಗಿಸುವ ಮೊದಲೇ ಮಾವ್ಶಿಯ ಬಾಯಿಂದ ಬಂತು: "ಮೀನಿನಂಗಡಿಯ ಹಿಂದಿನ ಓಣಿಯಲ್ಲಿ, ಅರ್ಧ ಕಟ್ಟಿದ ಗೋಡೆಯ ಎದುರು, ಹಸಿರು ಗೇಟೇ!"

"ಆಮ್ಚೆ ಖಾತಿರ್ ವಿನತಿ ಕರ್!" ಎಂದೆವು ಎಲ್ಲರೂ. ಆರು, ಏಳು ತಾವಾಗಿ ಬಂದವು. ಏಳನೆಯದು 'ರೋಗಿಗಳ ಆರೋಗ್ಯವೇ' ಎಂಬುದರ ಹಿಂದೆ ಇತ್ತು.

ಪತ್ತಿರಿ ತಿನ್ನುತ್ತಾ ಮಾವ್ಶಿ ಆಂಟಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. "ಉಪ್ಪಿನಕಾಯಿಯ ಜೊತೆ ಒಂದು ಕಾಗದ ಉಂಟು. ನನ್ನ ಪಕ್ಕದ ಕೋಣೆಯವಳಿಗೆ. ಅವಳ ಫೋನು ಯಾರು ಕೇಳ್ತಾರೋ ಗೊತ್ತಿಲ್ಲ, ಅದಕ್ಕೆ ಕೈಯಲ್ಲೇ ಕಳುಹಿಸುವುದು. ಎಂತ ಕಾಗದ ಅಂತ ಮಗನಿಗೆ ತಿಳಿಸಿಯೇ ಕೊಡಬೇಕು. ಅವನು ಬೇಡ ಅಂದರೆ ನನಗೆ ಬೇಜಾರಿಲ್ಲ."

ಆಂಟಿ ಎದ್ದು ಹೋದರು. ಹತ್ತು ನಿಮಿಷದ ಮೇಲೆ ಬಂದರು. "ಕೇಳಿದೆ ಸಿಸ್ಟರ್. ನಿಮ್ಮ ಉಪ್ಪಿನಕಾಯಿ ಸೋರಿ ಅವನ ಮದುವೆಯ ಕೋಟು ಹಾಳಾಗಿತ್ತಲ್ಲ, ಆಗಲೂ ಬೇಡ ಅನ್ನಲಿಲ್ಲ, ಕಾಗದ ಸೋರುವುದಿಲ್ಲವಲ್ಲ ಅಂತಾನೆ. ಹೇಗೂ ಆ ಕ್ವಾರ್ಟರ್ಸಿಗೆ ಈರುಳ್ಳಿ ಕೊಡುವುದು ಅವನೇ."

ಲದಿನನ್ನು ನಾನು ಒಂದು ಹಾಳೆಯಲ್ಲಿ ಪೂರ್ತಿ ಬರೆದೆ, ಮಾವ್ಶಿಯ ಸೇರ್ಪಡೆಗಳ ಸಮೇತ. ನಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಅಲ್ಲಿ ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ನಮ್ಮ ಕಡೆಯವರೇ. ಹಸಿರು ಗೇಟಿನ ಮುಂದೆ ಶುಕ್ರವಾರ, ಆರು ಗಂಟೆ ಎಂದು ಸೇರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ತಿದ್ದಿದಳು. ನಾನು ಒಂದು ಬಿರುದನ್ನು ಬಿಟ್ಟಿದ್ದೆ.

ಬುಧವಾರ ಕಾಗದ ಹೋಯಿತು. ಗುರುವಾರ ನಾನು ಬಲ್ಮಠದ ಕಚೇರಿಯಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಶುಕ್ರವಾರ ರಜೆ ಹಾಕಿದೆ. ಮಾವ್ಶಿ ಬೆಳಗ್ಗಿನಿಂದ ಮನೆಯ ಫ್ಯಾನುಗಳನ್ನೆಲ್ಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಸಂಜೆ ನಾಲ್ಕರ ಹೊತ್ತಿಗೆ ಆಂಟಿ ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದರು. ಮುಖದಲ್ಲಿ ಗೊಂದಲ.

"ಮಗನ ಮೆಸೇಜು. ಎಂತದೋ ಬರೆದಿದ್ದಾನೆ ಸಿಸ್ಟರ್. ಹಸಿರು ಬಾಟ್ಲಿ ಬೆಳಗ್ಗೆಯೇ ಸಿಕ್ಕಿತು, ಒಡೆಯಲಿಲ್ಲ, ಭದ್ರವಾಗಿ ದೊಡ್ಡ ಆಫೀಸಿನಲ್ಲಿ ಇಟ್ಟಿದ್ದಾರೆ ಅಂತ. ನಾವು ಹಸಿರು ಬಾಟ್ಲಿ ಕಳುಹಿಸಿದ್ದು ಯಾವಾಗ?"

ಮಾವ್ಶಿ ಸ್ಟೂಲಿನ ಮೇಲೆ ನಿಂತಿದ್ದಳು. ಅಲ್ಲಿಯೇ ಕೂತುಬಿಟ್ಟಳು. ದೊಡ್ಡ ಆಫೀಸು ಎಂದರೆ ನಮ್ಮ ರಾಯಭಾರ ಕಚೇರಿ. ಆಂಟಿಗೆ ಬಿಡಿಸಿ ಹೇಳಿದಾಗ ಅವರು ಎದೆಯ ಮೇಲೆ ಕೈಯಿಟ್ಟು, "ಅಲ್ಹಮ್ದುಲಿಲ್ಲಾ! ನನ್ನ ಮಗನಿಗೆ ಇಷ್ಟು ಬುದ್ಧಿ ಯಾವಾಗ ಬಂತು?" ಎಂದರು. ಅಜ್ಜಿ ಮಾತ್ರ, "ಉಳಿದ ಆರು?" ಎಂದು ಕೇಳಿದಳು. ಆ ಸಂಜೆಯ ಲದಿನಿನಲ್ಲಿ ಐದನೆಯ ಮನೆಯನ್ನು ಬಿಟ್ಟು ಉಳಿದ ಆರಕ್ಕೂ ಉತ್ತರ ಹೇಳಿದೆವು.

ಆ ಹುಡುಗಿಯ ತಾಯಿಯ ನಂಬರು ಮಾವ್ಶಿಯ ಫೋನಿನ ಜೊತೆಗೇ ಹೋಗಿತ್ತು. ಮನೆಯ ಗುರುತು ಮಾತ್ರ ಗೊತ್ತಿತ್ತು: ಸೇತುವೆ ದಾಟಿದ ಮೇಲೆ ಎಡಕ್ಕೆ, ಹಿಟ್ಟಿನ ಗಿರಣಿಯ ಪಕ್ಕ. ಅಷ್ಟೂ ದಿನದ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದ ಮಾವ್ಶಿಯನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಗುರುತಿಲ್ಲದವರ ಮನೆಗೆ ಹೋಗುವುದೆಂದರೆ ನನಗೆ ಯಾವಾಗಲೂ ಹಿಂಜರಿಕೆ. ಶನಿವಾರ ಬೆಳಗ್ಗೆ ಏಳಕ್ಕೆ ಸ್ಕೂಟರ್ ಹೊರಡಿಸಿ ಕೂಳೂರು ಸೇತುವೆ ದಾಟಿದೆ. ಗಿರಣಿಯ ಪಕ್ಕದ ಅಂಗಳದಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು. ಹೆಲ್ಮೆಟ್ ತೆಗೆದು, ಅವರ ಮಗಳ ಹೆಸರು ಹೇಳಿ, ತುಳುವಿನಲ್ಲಿ ಒಂದೇ ವಾಕ್ಯದಲ್ಲಿ ವಿಷಯ ತಿಳಿಸಿದೆ. ಅವರು ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ.