ಎರಡನೆಯ ಕಾವಲುಗಾರ

ಗಜೇಂದ್ರಗಡದ ಗುಡ್ಡಗಳ ಮೇಲಿನ ಹುಲ್ಲುಗಾವಲಿಗೆ ಸರ್ಕಾರದಿಂದ ಹಣ ಮತ್ತು ಆಳು ಕೇಳುವುದು ನನ್ನ ಕೆಲಸ. ರೋಣದಲ್ಲಿ ಒಂದು ಕೋಣೆಯ ಕಚೇರಿ ಇದೆ. ಗೋಡೆಯ ಮೇಲೆ ನರಗುಂದದಿಂದ ಗಜೇಂದ್ರಗಡದವರೆಗಿನ ಗೋಮಾಳಗಳ ನಕ್ಷೆ ಇದೆ. ನರೇಗಲ್ಲಿನಲ್ಲಿರುವ ನನ್ನ ತಾಯಿ ಇವತ್ತಿಗೂ ನನ್ನನ್ನು ತಹಶೀಲ್ದಾರ ಕಚೇರಿಯ ಹೊರಗೆ ಬೇವಿನ ಮರದಡಿ ಕುಳಿತು ಅರ್ಜಿ ಬರೆದುಕೊಡುವವರ ಪೈಕಿ ಎಂದುಕೊಂಡಿದ್ದಾಳೆ. ಅವಳ ತಿಳಿವಳಿಕೆಯಲ್ಲಿ ದೊಡ್ಡ ತಪ್ಪೇನೂ ಇಲ್ಲ.

ಮರವಿಲ್ಲದ ಗುಡ್ಡಕ್ಕೆ ಹಣ ಕೇಳುವುದು ಕಷ್ಟ. ಕಾಗದಪತ್ರದಲ್ಲಿ ಅದು ಬರಡು ನೆಲ. ಅಲ್ಲಿ ಬೆಳೆಯುವ ಹುಲ್ಲಿನ ಮೇಲೆ ಸುತ್ತಲಿನ ಹಳ್ಳಿಗಳ ಕುರಿಗಳು ಬದುಕುತ್ತವೆ, ಮೊಲ ಬದುಕುತ್ತದೆ, ತೋಳ ಬದುಕುತ್ತದೆ ಎಂಬುದನ್ನು ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಇಷ್ಟು ಗುಡ್ಡಕ್ಕೆ ಇದ್ದವನು ಒಬ್ಬನೇ ಕಾವಲುಗಾರ. ಅವನದು ದಿನಗೂಲಿ. ಅದೇ ಗುಡ್ಡದ ಮೇಲೆ ಗಾಳಿಯಂತ್ರಗಳಿವೆ, ಅವುಗಳಿಗೆ ಪಾಳಿಗೆ ಇಬ್ಬರಂತೆ ಕಾವಲಿದೆ. ಇದರ ಬಗ್ಗೆ ಅವನು ನನ್ನೊಡನೆ ನಗೆಯಾಡುತ್ತಿದ್ದ.

“ಅಷ್ಟ ದೊಡ್ಡ ಫ್ಯಾನ್ ಯಾರ ಹೊತಗೊಂಡ ಹೋಗ್ತಾರ್ರಿ ಅಕ್ಕಾರ? ಅದಕ್ಕ ಇಬ್ಬರು. ಹುಲ್ಲ ಎಲ್ಲಿ ಓಡಿ ಹೋಗತೈತಿ ಅಂತ ನಾ ಒಬ್ನ.”

ನಾನು ಕೇಳುತ್ತಿದ್ದದ್ದು ಎರಡನೆಯ ಕಾವಲುಗಾರನನ್ನು. ಮೂರು ವರ್ಷ ಅದನ್ನೇ ಕೇಳಿದೆ. ಕಾರಣ ಬೆಂಕಿಪಟ್ಟಿ. ಸಂಕ್ರಾಂತಿಯ ಹೊತ್ತಿಗೆ ಹುಲ್ಲು ಪೂರ್ತಿ ಒಣಗುತ್ತದೆ. ಎಲ್ಲಿಂದಲೋ ಬಿದ್ದ ಒಂದು ಕಿಡಿ ಗುಡ್ಡವನ್ನೆಲ್ಲ ಸುಡಬಾರದೆಂದು ಮೊದಲೇ ಉದ್ದಕ್ಕೆ ಒಂದು ಪಟ್ಟಿಯ ಹುಲ್ಲನ್ನು ನಾವೇ ಸುಟ್ಟು ನೆಲ ಬೋಳು ಮಾಡುತ್ತೇವೆ. ಅದನ್ನು ನಸುಕಿನಲ್ಲಿ, ಇಬ್ಬನಿ ಆರುವ ಮುಂಚೆ ಮಾಡಬೇಕು. ಮುಂದಿನವನು ಬೆಂಕಿ ಹಚ್ಚುತ್ತ ಹೋಗುತ್ತಾನೆ. ಹಿಂದಿನವನು ಹಸಿ ಗೋಣಿಚೀಲದಿಂದ ಅಂಚಿನ ಬೆಂಕಿಯನ್ನು ಬಡಿದು ಆರಿಸುತ್ತ ಬರುತ್ತಾನೆ. ಗಾಳಿ ಏಳುವ ಹೊತ್ತಿಗೆ ಕೆಲಸ ನಿಲ್ಲಿಸಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಇದನ್ನು ನನಗೆ ಕಲಿಸಿದವನೂ ಅವನೇ.

ಒಂದು ವರ್ಷ ದೀಪಾವಳಿಯ ನಂತರ, ಹುಲ್ಲಿನ್ನೂ ಅರೆ ಹಸಿರಾಗಿದ್ದಾಗ, ನಾಲ್ಕು ಮಂದಿ ಕುರಿಗಾರರು ಒಂದು ಮುಂಜಾನೆ ಅವನ ಜೊತೆ ಪಟ್ಟಿಗೆ ಬಂದರು. ನಾನೇ ಕರೆಸಿದ್ದೆ. ಚಹಾ, ಮಂಡಕ್ಕಿ, ಮಿರ್ಚಿ ಒಯ್ದಿದ್ದೆ. ಎಲ್ಲರೂ ಗೋಣಿಚೀಲ ಹಿಡಿದು ಸಾಲಾಗಿ ನಿಂತರು, ಫೋಟೋ ತೆಗೆದೆ. ಫೋಟೋದಲ್ಲಿ ಕಾವಲುಗಾರ ಎಡತುದಿಯಲ್ಲಿದ್ದಾನೆ, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು. ಮರುವಾರ ಕುರಿಗಾರರು ಹಿಂಡು ಹೊಡೆದುಕೊಂಡು ಬಯಲಿಗೆ ಇಳಿದರು. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುವುದು, ಅಂದರೆ ಹಿಂಡನ್ನು ಹೊಲದಲ್ಲೇ ಕೂಡಿಹಾಕುವುದು, ಅವರ ಪದ್ಧತಿ. ಸಂಕ್ರಾಂತಿಗೆ ಅವರು ಅಬ್ಬಿಗೇರಿ, ಸವಡಿಯ ಹೊಲಗಳಲ್ಲಿರುತ್ತಾರೆ, ಗುಡ್ಡದ ಮೇಲೆ ಇರುವುದಿಲ್ಲ. ಇದು ನನಗೆ ಗೊತ್ತಿತ್ತು.

ಗೊತ್ತಿದ್ದೂ ಆ ವರ್ಷದ ಅರ್ಜಿಯಲ್ಲಿ ಬೇರೆ ಬರೆದೆ. ಅರ್ಜಿಯ ನಮೂನೆಯಲ್ಲಿ ಜನರ ಪಾಲ್ಗೊಳ್ಳುವಿಕೆ ಎಂಬ ಕಾಲಮು ಇರುತ್ತದೆ. ಅದು ಖಾಲಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂಬುದು ನಮ್ಮ ಕಸುಬಿನವರ ನಂಬಿಕೆ. ನಾವೆಲ್ಲ ಅದನ್ನು ತುಂಬುತ್ತೇವೆ, ಸ್ವಲ್ಪ ಹೆಚ್ಚೇ ತುಂಬುತ್ತೇವೆ. ನಾನು ಹೀಗೆ ಬರೆದೆ: ‘ಬೆಂಕಿಪಟ್ಟಿಯ ಕೆಲಸವನ್ನು ಸ್ಥಳೀಯ ಕುರಿಗಾರರು ಪ್ರತಿವರ್ಷ ಸ್ವಯಂಪ್ರೇರಣೆಯಿಂದ ಕಾವಲುಗಾರರೊಡನೆ ಸೇರಿ ಮಾಡುತ್ತ ಬಂದಿದ್ದಾರೆ.’ ಕೆಳಗೆ ಆ ಫೋಟೋ ಅಂಟಿಸಿದೆ.

ಅರ್ಜಿಗಳನ್ನು ನೋಡುವ ಸಮಿತಿಯ ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಆ ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಫೋಟೋವನ್ನು ಪಕ್ಕದವರಿಗೆ ದಾಟಿಸಿದರು. ಇಂಥ ಜನ ಎಲ್ಲ ಕಡೆ ಇದ್ದರೆ ಅರಣ್ಯ ಇಲಾಖೆಯೇ ಬೇಕಾಗಿಲ್ಲ ಎಂದು ಹೊಗಳಿದರು. ಆಮೇಲೆ ಪೆನ್ನು ತೆಗೆದು ಎರಡನೆಯ ಕಾವಲುಗಾರನ ಸಾಲಿನ ಮೇಲೆ ಗೆರೆ ಎಳೆದರು. ಜನರೇ ಮಾಡುತ್ತಿರುವಾಗ ಹುದ್ದೆ ಯಾಕೆ ಎಂಬುದು ಅವರ ಮಾತು. ನಾನು ಬಾಯಿ ತೆರೆಯಬಹುದಿತ್ತು. ಹೊಗಳಿಕೆಯ ಖುಷಿ ಮುಖದಿಂದ ಇನ್ನೂ ಇಳಿದಿರಲಿಲ್ಲ. ಬರುವ ವರ್ಷ ಮತ್ತೆ ಕೇಳೋಣ ಎಂದುಕೊಂಡು ಸುಮ್ಮನೆ ಕುಳಿತೆ.

ಎರಡನೆಯವನು ಬರುವುದಿಲ್ಲ ಎಂದು ಕಾವಲುಗಾರನಿಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಮುಂದಿನ ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಗಿನ ಹೊತ್ತು ಗಾಳಿಯಂತ್ರದ ಕಾವಲಿನವನೊಬ್ಬ ನನಗೆ ಫೋನು ಮಾಡಿದ. ಗುಡ್ಡದ ಮೇಲೆ ಹೊಗೆ ದಟ್ಟವಾಗಿದೆ, ಕಾವಲುಗಾರ ಫೋನು ಎತ್ತುತ್ತಿಲ್ಲ, ತಮಗೆ ಯಂತ್ರದ ಬುಡ ಬಿಟ್ಟು ಹೋಗಲು ಅಪ್ಪಣೆ ಇಲ್ಲ ಎಂದ. ಮಾತಾಡುತ್ತಲೇ ಅವನು ಹೊರಟಿದ್ದ ಎಂದು ಕಾಣುತ್ತದೆ, ಏದುಸಿರು ಕೇಳುತ್ತಿತ್ತು. ಕಾವಲುಗಾರನನ್ನು ಹುಡುಕಿ ಕೆಳಗೆ ತಂದವನು ಅವನೇ. ನಾನು ರೋಣದಿಂದ ಹೋಗಿ ಗುಡ್ಡ ಹತ್ತುವ ಹೊತ್ತಿಗೆ ಕಾವಲುಗಾರನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಾಗಿತ್ತು. ಉತ್ತರದ ಇಳಿಜಾರು ಇನ್ನೂ ಉರಿಯುತ್ತಿತ್ತು.

ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬೋಳು ಪಟ್ಟಿ ಪೂರ್ವದ ಕಲ್ಲುಬಂಡೆಯಿಂದ ನೆಟ್ಟಗೆ ಬಂದಿತ್ತು. ಅದರ ಮೇಲಿನ ಬೂದಿಯಲ್ಲಿ ಹೆಜ್ಜೆಗಳಿದ್ದವು, ಹೋಗುವವೂ ಬರುವವೂ. ಕಾವಲುಗಾರ ಹತ್ತು ಹನ್ನೆರಡು ಹೆಜ್ಜೆ ಬೆಂಕಿ ಹಚ್ಚುತ್ತ ಹೋಗಿದ್ದ, ತಿರುಗಿ ಬಂದು ಅಷ್ಟನ್ನೂ ಬಡಿದು ಆರಿಸಿದ್ದ, ಮತ್ತೆ ಮುಂದೆ ಹೋಗಿ ಹಚ್ಚಿದ್ದ. ಹೆಜ್ಜೆಗಳು ಒಬ್ಬನವೇ. ಇಬ್ಬರು ಒಂದು ಸಲ ನಡೆಯುವ ದಾರಿಯನ್ನು ಅವನು ಮೂರು ಸಲ ನಡೆದಿದ್ದ. ಹಾಗಾಗಿ ಇಬ್ಬನಿ ಆರಿದ ಮೇಲೂ ಕೆಲಸ ಉಳಿದಿತ್ತು, ಗಾಳಿ ಎದ್ದಿತ್ತು. ಪಟ್ಟಿ ತಿರುಗುವಲ್ಲಿ ಬೆಂಕಿ ಅಂಚು ದಾಟಿ ಕೆಳಗೆ ಜಾರಿತ್ತು. ಸುಟ್ಟ ನೆಲದ ಮೇಲೆಯೇ ನಿಂತಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಅದನ್ನು ನನಗೆ ಹತ್ತು ಸಲ ಹೇಳಿದವನು ಅವನೇ. ಆದರೆ ಅವನು ಬೆಂಕಿಗಿಂತ ಮುಂದಾಗಿ ಇಳಿಜಾರಿಗೆ ಇಳಿದಿದ್ದ, ಕೆಳಗಿನಿಂದ ತಡೆಯಲು. ಅವನ ಚೀಲ ಮೊಳಕಾಲೆತ್ತರದ ಹುಲ್ಲಿದ್ದ ಜಾಗದಲ್ಲಿ ಬಿದ್ದಿತ್ತು. ಒಂದು ಚಪ್ಪಲಿ ಅದರಿಂದ ಆರು ಹೆಜ್ಜೆ ಕೆಳಗಿತ್ತು. ಇನ್ನೊಂದು ನನಗೆ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಎರಡನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಅವನು ಒಂದೇ ಮಾತು ಕೇಳಿದ.

“ಬಡಗಣ ಮಗ್ಗಲ ಉಳೀತೇನ್ರಿ?”

ಉತ್ತರದ ಇಳಿಜಾರು ಉಳಿದಿದೆ ಎಂದೆ. ಉಳಿದಿರಲಿಲ್ಲ. ನಾಲ್ಕನೆಯ ದಿನ ಅವನು ತೀರಿಕೊಂಡ.

ಅವನ ಹೆಂಡತಿ ನೇಕಾರ ಮನೆತನದವಳು. ಗಜೇಂದ್ರಗಡದ ಅವರ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿದೆ, ಅವಳು ಸೀರೆ ನೇಯುತ್ತಾಳೆ. ದಿನಕರ್ಮಗಳು ಮುಗಿದ ಮೇಲೆ ನನಗೆ ಹೇಳಿಕಳಿಸಿದಳು. ಹೋದಾಗ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಅದರ ಮೇಲೆ ಹಳೆಯ ಪಂಚೆ ಹೊದಿಸಿದ್ದರು. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಇಲಾಖೆಯಲ್ಲಿ ಯಾರೋ ಅವಳಿಗೆ ನನ್ನ ಅರ್ಜಿಯ ಸುದ್ದಿ ಹೇಳಿದ್ದರು.

“ನೀವು ಬರದ ಕಾಗದ ಐತಂತಲ್ರಿ, ಅದನ್ನ ಓದ್ರಿ,” ಎಂದಳು.

ಚೀಲದಲ್ಲಿ ಪ್ರತಿ ಇತ್ತು. ಓದಿದೆ. ಆ ವಾಕ್ಯ ಬಂದಾಗ ಇನ್ನೊಮ್ಮೆ ಓದಲು ಹೇಳಿದಳು. ಇನ್ನೊಮ್ಮೆ ಓದಿದೆ.

“ಹಂಗಾರ ಅವತ್ತ ಅವರೆಲ್ಲಾ ಎಲ್ಲಿದ್ರು?”

“ಅಬ್ಬಿಗೇರಿ ಹೊಲದಾಗ, ಕುರಿ ಹಿಂದ.”

“ಬರಿಯೂಮುಂದ ನಿಮಗ ಇದು ಗೊತ್ತಿತ್ತೇನು?”

“ಗೊತ್ತಿತ್ತವಾ.”

ಅವಳು ಪಂಚೆಯ ತುದಿಯನ್ನು ಸರಿಮಾಡಿದಳು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುಸಲ್ಮಾನ ಹೆಂಗಸು ನನಗೊಂದು ಲೋಟ ನೀರು ತಂದಿಟ್ಟಳು. ಎದ್ದು ಹೊರಡುವಾಗ ಕಾವಲುಗಾರನ ಹೆಂಡತಿ ಹೇಳಿದ್ದು ಇಷ್ಟೇ: ಇನ್ನು ಮೇಲೆ ಅಲ್ಲಿಗೆ ಇಬ್ಬರು ಹೋಗುವಂತೆ ಮಾಡಬೇಕು.

ಮುಂದಿನ ಸಭೆಗೆ ಹೊಸ ಅರ್ಜಿ ಒಯ್ದೆ. ಜನರ ಪಾಲ್ಗೊಳ್ಳುವಿಕೆಯ ಕಾಲಮಿನಲ್ಲಿ, ಬೆಂಕಿಪಟ್ಟಿಯ ಕಾಲಕ್ಕೆ ಗುಡ್ಡದ ಮೇಲೆ ಕುರಿಗಾರರು ಯಾರೂ ಇರುವುದಿಲ್ಲ, ಹಿಂದಿನ ಅರ್ಜಿಯಲ್ಲಿ ನಾನು ಬರೆದದ್ದು ಸುಳ್ಳು ಎಂದು ಬರೆದಿದ್ದೆ. ಸಭೆ ಶುರುವಾಗುವ ಮೊದಲು ಅದೇ ಅಧಿಕಾರಿ ನನ್ನನ್ನು ವರಾಂಡಕ್ಕೆ ಕರೆದರು. ಅವರು ಕೆಟ್ಟವರಲ್ಲ. ಕಾವಲುಗಾರನ ಮಣ್ಣಿಗೂ ಬಂದಿದ್ದರು. ದನಿ ತಗ್ಗಿಸಿ ಹೇಳಿದರು.

“ಅಕ್ಕಾರ, ಈ ಸಾಲು ತಗದಬಿಡ್ರಿ. ಸುಳ್ಳ ಬರದಿದ್ದೆ ಅಂತ ನೀವ ಬರಕೊಟ್ರ, ನಿಮ್ಮ ಅರ್ಜಿ ಇನ್ನ ಯಾರ ನಂಬ್ತಾರ? ಪರಿಸ್ಥಿತಿ ಬದಲಾಗೇತಿ ಅಂತ ಬರೀರಿ, ಮುಗೀತು.”

ಅವರ ಸಲಹೆ ನಮ್ಮ ಕಸುಬಿನ ಲೆಕ್ಕದಲ್ಲಿ ಸರಿಯಾಗಿತ್ತು. ಹಾಗೆ ಬರೆದಿದ್ದರೆ ಎರಡನೆಯವನು ಸಿಗುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಪರಿಸ್ಥಿತಿ ಬದಲಾಗಿರಲಿಲ್ಲ. ಕುರಿಗಾರರು ಯಾವ ವರ್ಷವೂ ಆ ಕಾಲಕ್ಕೆ ಅಲ್ಲಿರಲಿಲ್ಲ. ನಾನು ಸಾಲು ತೆಗೆಯಲಿಲ್ಲ. ಸಭೆಯಲ್ಲಿ ಅದನ್ನು ನಾನೇ ಓದಿದೆ.

ತಿಂಗಳ ನಂತರ ಪತ್ರ ಬಂತು. ತೆರವಾದ ಒಂದು ಜಾಗಕ್ಕೆ ಒಬ್ಬ ದಿನಗೂಲಿಯವನನ್ನು ತೆಗೆದುಕೊಳ್ಳಲಾಗಿದೆ. ಹೆಚ್ಚುವರಿ ಹುದ್ದೆಯ ಬೇಡಿಕೆಯನ್ನು, ಅರ್ಜಿದಾರರ ಮಾಹಿತಿ ವಿಶ್ವಾಸಾರ್ಹವಲ್ಲದ ಕಾರಣ, ಪರಿಶೀಲನೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ.

ಆ ಪತ್ರ ಹಿಡಿದುಕೊಂಡು ಗಜೇಂದ್ರಗಡಕ್ಕೆ ಹೋದೆ. ಮಗ್ಗ ನಡೆದಿತ್ತು. ಅವಳು ಕೈ ನಿಲ್ಲಿಸದೆ ಎಷ್ಟು ಮಂದಿ ಕೊಟ್ಟರು ಎಂದು ಕೇಳಿದಳು. ಒಬ್ಬನನ್ನು ಎಂದೆ. ಲಾಳಿ ಎರಡು ಸಲ ಹೋಗಿ ಬಂತು, ಆಮೇಲೆ ನಿಂತಿತು.

“ಹಂಗಾರ ಇಲ್ಲಿ ಯಾಕ ಬಂದ್ರಿ? ಆ ಒಬ್ಬನ ಮನಿಗೆ ಹೋಗ್ರಿ. ಅವನ ಹೇಂತಿಗೆ ಹೇಳ್ರಿ.”

ಹೊಸಬನ ಮನೆ ಎರಡು ಓಣಿ ಆಚೆ ಎಂದು ಅವಳೇ ದಾರಿ ಹೇಳಿದಳು. ಹೋದೆ. ಅವನು ಗುಡ್ಡಕ್ಕೆ ಹೋಗಿದ್ದ. ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡನಿಗೆ ಸರ್ಕಾರದ ಕೆಲಸ ಸಿಕ್ಕ ಖುಷಿಯಲ್ಲಿದ್ದಳು, ನನ್ನನ್ನು ಕಚೇರಿಯವರೆಂದು ತಿಳಿದು ಚಾಪೆ ಹಾಸಿದಳು. ಕುಳಿತೆ. ಸಂಕ್ರಾಂತಿಯ ಹೊತ್ತಿಗೆ ಗುಡ್ಡದಲ್ಲಿ ಒಂದು ಕೆಲಸವಿರುತ್ತದೆ, ಅದಕ್ಕೆ ಇಬ್ಬರು ಬೇಕು, ನಿಮ್ಮ ಮನೆಯವರು ಒಬ್ಬರೇ ಇರುತ್ತಾರೆ ಎಂದು ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು. ಇನ್ನೊಬ್ಬ ಯಾಕೆ ಇಲ್ಲ ಎಂದು ಕೇಳಿದಳು. ನನ್ನ ಅರ್ಜಿಯಿಂದ ಶುರುಮಾಡಿ ಹೇಳತೊಡಗಿದೆ.