ಚಪ್ಪಾಳೆ ತಟ್ಟದ ಇಸಿಡೋರ್

ಇಸಿಡೋರ್ ಪ್ರೆವೋ ಹುಟ್ಟಿದಂದಿನಿಂದ ಒಂದು ಸಲವೂ ಚಪ್ಪಾಳೆ ತಟ್ಟಿದವನಲ್ಲ. ನ್ಯೂ ಆರ್ಲಿನ್ಸಿನಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಟ್ರೆಮೇ ಕೇರಿಯಲ್ಲಿ ಮಗು ಹುಟ್ಟಿದರೆ ಚಪ್ಪಾಳೆ, ಮುದುಕ ಸತ್ತರೆ ಚಪ್ಪಾಳೆ, ಹೋದ ಕರೆಂಟು ಬಂದರೂ ಚಪ್ಪಾಳೆ. ಇಂಥ ಊರಿನಲ್ಲಿ ತನ್ನ ಎರಡು ಅಂಗೈಗಳನ್ನು ಒಂದರ ಮುಖ ಒಂದು ನೋಡದಂತೆ ಸಾಕಿಕೊಂಡು ಬಂದವನನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಭೀಷ್ಮಪ್ರತಿಜ್ಞೆ ಎಂದರು. ಎಳವೆಯಲ್ಲಿ ಒಮ್ಮೆ ತಟ್ಟಿದ್ದಕ್ಕೆ ಮಿಸಿಸಿಪ್ಪಿ ಹೊಳೆ ಬೆಚ್ಚಿ ಹಿಂದಕ್ಕೆ ಹರಿಯಿತು, ಪಾದ್ರಿ ಬಂದು ಕಾಲು ಹಿಡಿದ ಮೇಲೆ ನಿಲ್ಲಿಸಿದ ಎಂದರು. ಅವನ ಚಪ್ಪಾಳೆಗೆ ಯೋಗ್ಯವಾದ ಸಂಗೀತ ಇನ್ನೂ ಹುಟ್ಟಿಲ್ಲ ಎಂದವರೂ ಉಂಟು. ಈ ಕೊನೆಯ ಕತೆಗೆ ಹೆದರಿ ಗಂಡೆದೆಯ ಟ್ರಂಪೆಟ್ಟುಗಾರರು ಅವನಿದ್ದ ಸಭೆಯಲ್ಲಿ ಬೆವರುತ್ತಿದ್ದರು.

ಹೊಟ್ಟೆಪಾಡಿಗೆ ಇಸಿಡೋರ್ ಗಾರೆ ಕೆಲಸದವನು. ಕೇರಿಯ ಅರ್ಧ ಗೋಡೆಗಳು ಅವನ ಕೈಯಿಂದ ನುಣುಪಾದವು. ಉಳಿದರ್ಧವನ್ನು ಕಂಡರೆ ಅವನಿಗೆ ಸಿಟ್ಟು. ಸಿಟ್ಟು ಅವನ ಸಹಜ ಸ್ಥಿತಿ. ಬಿಸಿಲಿಗೆ ಸಿಟ್ಟು, ಮಳೆಗೆ ಸಿಟ್ಟು, ಸೋಮವಾರದ ಕೆಂಪು ಬೀನ್ಸಿಗೆ ಉಪ್ಪು ಕಡಿಮೆಯಾದರಂತೂ ಕುರುಕ್ಷೇತ್ರ. ಭಾನುವಾರ ಮಾತ್ರ ಆ ಸಿಟ್ಟನ್ನೆಲ್ಲ ದೊಡ್ಡ ಡ್ರಮ್ಮಿನ ಮೇಲೆ ಇಳಿಸುತ್ತ ನಮ್ಮ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ನಡೆಯುತ್ತಿದ್ದ. ನಾನು ಅವನ ಪಕ್ಕದಲ್ಲಿ ಟ್ಯೂಬಾ ಊದುವವನು. ನನ್ನ ಎಡಗಿವಿ ಮಂದವಾದದ್ದು ಹಾಗೆ.

ಮುಂದಿನ ಸಾಲಿನಲ್ಲಿ ಅನತೋಲ್ ಲಾಂಬೇರ್. ನಾವು ನುಡಿಸುತ್ತಿದ್ದ ರಾಗಗಳೆಲ್ಲ ಅವನು ಕಟ್ಟಿದವು. ಹೊಸದೊಂದು ಹೊಳೆದರೆ ಇಸಿಡೋರ್ ಕೆಲಸ ಮಾಡುತ್ತಿದ್ದ ಸಾರವೆಯ ಕೆಳಗೆ ಬಂದು ನಿಂತು ಶಿಳ್ಳೆಯಲ್ಲಿ ಕೇಳಿಸುತ್ತಿದ್ದ. ಮೇಲೆ ಇಸಿಡೋರನ ಪಾದ ಹಲಗೆಯನ್ನು ಕುಟ್ಟಿದರೆ ರಾಗ ಬದುಕಿತು. ಕುಟ್ಟದಿದ್ದರೆ ಅನತೋಲ್ ಅದನ್ನು ಅಲ್ಲೇ ಮರೆತು ಬಿಯರ್ ಕುಡಿಯಲು ಹೋಗುತ್ತಿದ್ದ. ಕಾಲಿಗೆ ಹಿಡಿಸದ ಹಾಡು ನಮ್ಮ ಕೇರಿಗೆ ಬೇಡ.

ಅನತೋಲ್ ಸತ್ತದ್ದು ಆ ರೋಗದ ವರ್ಷ. ಬೀದಿಯಲ್ಲಿ ನಾಲ್ಕು ಜನ ಸೇರುವಂತಿರಲಿಲ್ಲ. ನಮ್ಮಲ್ಲಿ ಬ್ಯಾಂಡಿನವನು ಹೋದರೆ ಸ್ಮಶಾನದವರೆಗೆ ನಿಧಾನದ ಹಾಡು, ಕಾಲೆಳೆಯುವ ನಡಿಗೆ. ಹೆಣ ಗೋರಿಯ ಬಾಗಿಲು ದಾಟಿದ ಮೇಲೆ ಡ್ರಮ್ಮಿನವನು ಕಟ್ಟು ಕಳಚುತ್ತಾನೆ: ಒಂದು ಪೆಟ್ಟು, ಒಂದು ಮೌನ, ಆಮೇಲೆ ಬಡಿತವೋ ಬಡಿತ. ಸತ್ತವನು ಅತ್ತ, ನಾವು ಇತ್ತ. ಛತ್ರಿ ಬಿಚ್ಚಿ ಕುಣಿದುಕೊಂಡು ಮನೆಗೆ. ಕಟ್ಟು ಕಳಚದಿದ್ದರೆ ಪಾಪದ ಜೀವ ನಡುಬೀದಿಯಲ್ಲೇ ದಾರಿ ಕಾಯುತ್ತ ನಿಂತಿರುತ್ತದೆ ಎಂಬುದು ನಮ್ಮ ಅಜ್ಜಿಯರ ಮಾತು. ಅನತೋಲನಿಗೆ ಹಾಡೂ ಇಲ್ಲ, ಪೆಟ್ಟೂ ಇಲ್ಲ. ರೋಗ ಇಳಿಯಿತು ಎನ್ನುವಾಗ ಚಂಡಮಾರುತ ಬಂತು, ಅರ್ಧ ಬ್ಯಾಂಡು ಹೂಸ್ಟನ್ನಿನ ಪಾಲಾಯಿತು. ಅವನ ಹೆಂಡತಿ, ಕೇರಿಗೆಲ್ಲ ಗೌರವದಿಂದ ಮಿಸ್ ಯುಲಾಲಿ, ಅಂದು ಮಡಚಿಟ್ಟ ಹಳದಿ ಛತ್ರಿ ಬಾಗಿಲ ಮೂಲೆಯಲ್ಲಿ ಹಾಗೇ ಉಳಿಯಿತು.

ಆಗ ಅವತರಿಸಿದವನು ಹಾಲೋವೇ. ನ್ಯೂಯಾರ್ಕಿನವನು. ನಮ್ಮ ಜೂನ್ ತಿಂಗಳ ಸೆಕೆಯಲ್ಲಿ ಉಣ್ಣೆಯ ಟೋಪಿ ತೊಟ್ಟ ಏಕೈಕ ಪ್ರಾಣಿ. ದೇಶ ದೇಶದ ಕಲಾವಿದರಿಂದ ಅನತೋಲನ ರಾಗಗಳನ್ನು ಹಾಡಿಸಿ ಒಂದು ಆಲ್ಬಂ ತರುತ್ತೇನೆ ಎಂದ.

"ಅವತ್ತು ಆಗದೇ ಉಳಿದ ಮೆರವಣಿಗೆ ಇದು ಅಂದ್ಕೊಳ್ಳಿ, ಮಿಸ್ ಯುಲಾಲಿ," ಎಂದ.

ಆಕೆ ಮೂಲೆಯ ಛತ್ರಿಯನ್ನೊಮ್ಮೆ ನೋಡಿದಳು. "ಮಾತು ಕೊಟ್ಟಿದೀಯ ಚಿನ್ನ, ನೆನಪಿರ್ಲಿ," ಎಂದಳು.

ಕೊನೆಯ ಹಾಡು ನಮ್ಮದು: ಅನತೋಲ್ ತನ್ನ ಸಾವಿಗೆಂದೇ ಕಟ್ಟಿಟ್ಟಿದ್ದ ರಾಗ, ಮೊದಲರ್ಧ ನಿಧಾನ, ಉಳಿದರ್ಧ ಕುಣಿತ. ಹೂಸ್ಟನ್ನಿನವರೂ ಬಂದರು. ಸ್ಟುಡಿಯೋದಲ್ಲಿ ಇಸಿಡೋರ್ ಕೊಟ್ಟ ಆ ನಡುವಿನ ಪೆಟ್ಟಿನ ಸದ್ದಿಗೆ ಗಾಜಿನಾಚೆ ಕೂತವನ ಕಾಫಿ ಚೆಲ್ಲಿತು.

ಬಿಡುಗಡೆ ಒಂದು ಭಾನುವಾರ ಮಧ್ಯಾಹ್ನ, ಕೇರಿಯ ಸಭಾಭವನದಲ್ಲಿ. ಇಸಿಡೋರ್ ಒಂದು ಕೈಯಲ್ಲಿ ಹುರಿದ ಕೋಳಿಕಾಲು, ಇನ್ನೊಂದರಲ್ಲಿ ಬಿಯರ್ ಹಿಡಿದು ನನ್ನ ಪಕ್ಕ ಕೂತ. ಮಿಸ್ ಯುಲಾಲಿ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಛತ್ರಿ.

ಮೊದಲ ಹಾಡು ನಾರ್ವೆಯ ಒಬ್ಬಳದು. ಮದುವೆ ಮನೆಗಳನ್ನು ಅಲುಗಾಡಿಸುತ್ತಿದ್ದ ರಾಗವನ್ನು ಪಿಸುಮಾತಿನಲ್ಲಿ ಹಾಡಿದ್ದಳು.

"ಯಾಕೆ ಪಿಸುಗುಡ್ತಾಳೆ? ಪಕ್ಕದ ಮನೇಲಿ ಸಾಲ ಕೊಟ್ಟೋನು ಇದಾನಾ?" ಎಂದ ಇಸಿಡೋರ್.

"ಸುಮ್ನಿರೋ ಇಸಿ," ಎಂದೆ ನಾನು.

ಎರಡನೆಯದರಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು.

"ಇದನ್ನ ರಿಪೇರಿ ಮಾಡೋಕೆ ಯಾರ್ಗೂ ಬರಲ್ವಾ?"

ಹಿಂದಿನ ಸಾಲಿನವರು ಶ್ಶ್ ಎಂದರು. ಮೂರನೆಯದು ಗಂಟೆ, ನಾಲ್ಕನೆಯದು ಗಾಳಿ. ಎಲ್ಲರೂ ಸೇರಿ ಅನತೋಲನನ್ನು ಅದೆಷ್ಟು ಭಕ್ತಿಯಿಂದ ನಿಧಾನ ಮಾಡಿದ್ದರೆಂದರೆ, ಕೋಳಿಕಾಲು ಇಸಿಡೋರನ ಬಾಯಿಯ ಹತ್ತಿರವೇ ನಿಂತುಬಿಟ್ಟಿತ್ತು. ಅವನ ಪಾದ ಒಮ್ಮೆಯೂ ನೆಲ ಕುಟ್ಟಲಿಲ್ಲ. ಕಿವಿಗಳು ಮಾತ್ರ ಕೆಂಡವಾದವು.

ಕೊನೆಗೆ ನಮ್ಮ ಹಾಡು. ನಿಧಾನದ ಭಾಗ ಬಂತು. ಮಿಸ್ ಯುಲಾಲಿಯ ಕೈ ಛತ್ರಿಯ ಹಿಡಿಯ ಮೇಲೆ ಬಿಗಿಯಾಯಿತು. ಹಾಡು ಗೋರಿಯ ಬಾಗಿಲಿಗೆ ಬಂತು. ಇನ್ನೇನು ಪೆಟ್ಟು ಬೀಳಬೇಕು, ಸದ್ದು ಕರಗುತ್ತ ಕರಗುತ್ತ ನಿಂತೇ ಹೋಯಿತು. ದೀಪ ಹತ್ತಿತು. ಅತಿಥಿಗಳು ಕಣ್ಣೊರೆಸಿಕೊಳ್ಳುತ್ತ ಎದ್ದು ಚಪ್ಪಾಳೆ ತಟ್ಟಿದರು. ಮಿಸ್ ಯುಲಾಲಿ ಮಾತ್ರ ಕೂತೇ ಇದ್ದಳು, ಬಸ್ಸು ತಪ್ಪಿದವಳ ಹಾಗೆ.

"ನನ್ನ ಪೆಟ್ಟೆಲ್ಲಿ?" ಇಸಿಡೋರನ ಗಂಟಲಿಗೆ ಚಪ್ಪಾಳೆಯೆಲ್ಲ ಅಡಗಿತು.

ಹಾಲೋವೇ ಮೈಕಿನ ಬಳಿ ತಡವರಿಸಿದ. "ಅದು... ಆ ಭಾಗ ತೆಗೆದ್ವಿ, ಸರ್. ಆಲ್ಬಂ ಮೌನದಲ್ಲಿ ಮುಗೀಬೇಕು ಅನ್ನಿಸ್ತು. ದುಃಖ ಅನ್ನೋದು ಯಾವಾಗ್ಲೂ ಅಪೂರ್ಣ ಅಲ್ವಾ?"

"ನಿಮ್ಮ ದುಃಖ ನೀವು ಅಪೂರ್ಣ ಇಟ್ಕೊಳ್ಳಿ ಸ್ವಾಮಿ, ಹೆಣ ನಮ್ದು! ಊರೂರಿನೋರೆಲ್ಲ ಸೇರಿ ಹೊತ್ಕೊಂಡು ಬಂದ್ರಿ, ಗೋರಿ ಬಾಗಿಲಲ್ಲಿ ಇಳಿಸಿದ್ರಿ, ಫೋಟೋ ತೆಗೆಸ್ಕೊಂಡ್ರಿ, ಹೊರಟ್ರಿ. ಅವನನ್ನ ಒಳಕ್ಕೆ ಕಳ್ಸೋರು ಯಾರು, ನಿಮ್ಮ ಟೋಪಿನಾ?"

"ಅದು ಕಲಾತ್ಮಕ ನಿರ್ಧಾರ, ಮಿಸ್ಟರ್ ಪ್ರೆವೋ—"

"ಇವಳು ಎಷ್ಟು ವರ್ಷದಿಂದ ಆ ಛತ್ರಿ ಮಡಚಿ ಇಟ್ಕೊಂಡಿದಾಳೆ ಗೊತ್ತೇನಯ್ಯ ನಿಂಗೆ?"

ಹಾಲೋವೇ ಛತ್ರಿಯನ್ನು ಆಗಲೇ ಮೊದಲು ನೋಡಿದ್ದು. ಟೋಪಿ ತೆಗೆದ. ಇಸಿಡೋರ್ ಅದನ್ನು ನೋಡಲು ನಿಲ್ಲಲಿಲ್ಲ. ಕೋಳಿಕಾಲನ್ನು ನನ್ನ ಕೈಗೆ, ಬಿಯರನ್ನು ಒಬ್ಬ ಪತ್ರಕರ್ತನ ಕೈಗೆ ತುರುಕಿ ಬಿರುಗಾಳಿಯಂತೆ ಹೊರನಡೆದ. ಗಾರೆ ಮೆತ್ತಿದ ಅವನ ಗಾಡಿಯಲ್ಲಿ ಡ್ರಮ್ಮು ಸದಾ ಇರುತ್ತಿತ್ತು. ಬಲಗೈಯಲ್ಲಿ ಬಟ್ಟೆ ಸುತ್ತಿದ ಕೋಲು. ಎಡಗೈಯಲ್ಲಿ, ಡ್ರಮ್ಮಿನ ನೆತ್ತಿಗೆ ಕಟ್ಟಿದ ತಾಳವನ್ನು ಬಾರಿಸಲು, ಹಳೆಯ ಕೋಟಿನ ಹ್ಯಾಂಗರ್ ಬಗ್ಗಿಸಿ ಮಾಡಿದ ತಂತಿ. ನಾವೂ ಓಡಿಹೋಗಿ ವಾದ್ಯಗಳನ್ನು ಹೊತ್ತು ತಂದೆವು.

ಒಂದು ಪೆಟ್ಟು. ಪಾರಿವಾಳಗಳು ಮಾಡು ಬಿಟ್ಟವು. ಒಂದು ಮೌನ. ಆ ಮೌನದೊಳಗೆ ಮೆಟ್ಟಿಲ ಮೇಲೆ ಟಪ್ ಎಂದು ಒಂದು ಛತ್ರಿ ಬಿಚ್ಚಿಕೊಂಡಿತು.

ಆಮೇಲಿನದನ್ನು ಏನು ಹೇಳಲಿ! ಬೀದಿಯುದ್ದಕ್ಕೂ ಬಾಗಿಲುಗಳು ತೆರೆದವು, ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಕುಣಿಯುತ್ತ ಬಂದ. ಎಲ್ಲರ ಮುಂದೆ ಮಿಸ್ ಯುಲಾಲಿ, ಹಳದಿ ಛತ್ರಿಯನ್ನು ಮೇಲೆ ಕೆಳಗೆ ಆಡಿಸುತ್ತ, "ಹೋಗು ಅನತೋಲ್, ಇನ್ನ ಹೋಗು, ತಿರುಗಿ ನೋಡ್ಬೇಡ!" ಎಂದು ಅಳುತ್ತ, ನಗುತ್ತ. ಹಾಲೋವೇ ಕೂಡ ಕುಣಿದ, ಮಂಚದ ಕಾಲು ಎದ್ದು ನಡೆದಂತೆ.

ಸ್ಮಶಾನದ ಗೇಟಿನ ಬಳಿ ಎಲ್ಲರೂ ಏದುಸಿರು ಬಿಡುತ್ತ ನಿಂತಾಗ ಜನ ಮತ್ತೆ ಚಪ್ಪಾಳೆಗೆ ತೊಡಗಿದರು. ಇಸಿಡೋರ್ ಎಂದಿನಂತೆ ತಟ್ಟಲಿಲ್ಲ. ಹಾಲೋವೇ ಬೆವರೊರೆಸಿಕೊಂಡು ಹತ್ತಿರ ಬಂದ.

"ಆ ಅರ್ಧ ವಾಪಸ್ ಸೇರಿಸ್ತೀನಿ, ಸರ್. ಆಣೆ. ಆದ್ರೆ ಒಂದು ಮಾತು ಹೇಳಿ. ನೀವು ಯಾರಿಗೂ ಚಪ್ಪಾಳೆ ತಟ್ಟಲ್ವಂತೆ. ಇದೇನು ವ್ರತವಾ? ಇಲ್ಲಾ ನಮ್ಮ ಯಾರ ಸಂಗೀತಕ್ಕೂ ಆ ಯೋಗ್ಯತೆ ಇಲ್ವಾ?"

ಕೇರಿಗೆ ಕೇರಿಯೇ ಉಸಿರು ಬಿಗಿಹಿಡಿಯಿತು. ಇಸಿಡೋರ್ ಮೊದಲು ಬಲಗೈಯ ಕೋಲನ್ನು ನೋಡಿದ, ಆಮೇಲೆ ಎಡಗೈಯ ತಂತಿಯನ್ನು.

"ವಾರವೆಲ್ಲ ಒಂದ್ ಕೈಲಿ ಕರಣೆ, ಒಂದ್ ಕೈಲಿ ಗಾರೆ ಹಲಗೆ. ಭಾನುವಾರ ಇವೆರಡು. ಮಧ್ಯೆ ಕೋಳಿ, ಬಿಯರ್," ಎಂದ. "ಕೈ ಖಾಲಿ ಇದ್ರೆ ತಾನೇ ತಟ್ಟೋದು?"