ಬಾಡದ ದಾಸವಾಳ ಮತ್ತು ಸುಶೀಲಾ ಕಾಕು

ಸ್ವಂತ ಗಿಡದ ಹೂವು ಹೇಗಿದೆ ಎಂದು ತಿಳಿಯಲು ಹೂಗಳ್ಳರ ಮನೆಗೇ ಹೋದವರನ್ನು ನೋಡಿದ್ದೀರಾ? ನಮ್ಮಪ್ಪನನ್ನು ನೋಡಿ. ಕಳೆದ ಭಾನುವಾರ ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಹಿಂದೆ ನಾನು, ಹಲ್ಲು ಕಡಿಯುತ್ತ.

ಚಿಕ್ಕೋಡಿಯಲ್ಲಿ ನಮ್ಮದೊಂದು ನರ್ಸರಿ ಇರುವುದು ನಿಮಗೆ ಗೊತ್ತೇ ಇದೆ (ಸಸಿ ಒಯ್ದು, ನೀರು ಹಾಕದೆ ಒಣಗಿಸಿ, ನಮ್ಮನ್ನೇ ಬಯ್ಯಲು ಬಂದವರು ನಿಮ್ಮಲ್ಲೇ ಇದ್ದೀರಿ). ಹಾಕಿದ್ದು ಅಜ್ಜ. ದೇವರಿಗೆ ಏರಿಸಿದ ದಾಸವಾಳ ಸಂಜೆ ದೀಪ ಹಚ್ಚುವಷ್ಟರಲ್ಲಿ ಮುದುಡಿ ಬತ್ತಿಯಾಗಿರುತ್ತದೆ ಎಂದು ಅಜ್ಜಿ ದಿನಾ ಗೊಣಗುತ್ತಿದ್ದಳಂತೆ. ಅಜ್ಜ ಹಟಕ್ಕೆ ಬಿದ್ದ. ರಾತ್ರಿಯವರೆಗೂ ಅರಳಿಯೇ ಇರುವ ದಾಸವಾಳ ಮಾಡುತ್ತೇನೆಂದು ಈ ಗಿಡದ ಪರಾಗ ಆ ಗಿಡದ ಹೂವಿಗೆ ಸವರುತ್ತ ಸವರುತ್ತಲೇ ಮುದುಕನಾಗಿ ತೀರಿಕೊಂಡ. ಕೆಲಸ ಅಪ್ಪನ ಕೈಗೆ ಬಂತು. ಗೆದ್ದರೆ ಆ ಹೂವಿಗೆ ಅಜ್ಜನ ಹೆಸರು, 'ಮಲ್ಲಪ್ಪ' ಎಂದು ಇಡಬೇಕು. ಅಪ್ಪನಿಗೆ ಇದ್ದದ್ದು ಅದೊಂದೇ ಆಸೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಮೊಗ್ಗು ಬಿರಿಯುವ ಮೊದಲೇ ಅದರ ಕೇಸರ ಕತ್ತರಿಸಿ, ಬೇರೆ ಹೂವಿನ ಪರಾಗ ಸವರಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಆಮೇಲೆ ಕಾಯಿ ಬಲಿಯುವವರೆಗೆ ಯಾರೂ ಮುಟ್ಟಬಾರದು.

ಯಾರೂ ಮುಟ್ಟಬಾರದು! ನಮ್ಮ ಓಣಿಯಲ್ಲಿ!

ಬೆಳಕು ಹರಿಯುವುದರೊಳಗೆ ಪಕ್ಕದ ಮನೆಯ ಸುಶೀಲಾ ಕಾಕು ಬುಟ್ಟಿ ಹಿಡಿದು ಬೇಲಿ ದಾಟಿರುತ್ತಾರೆ. ಗಿಡದ ತುಂಬ ಹೂವಿದ್ದರೂ ದಾರ ಕಟ್ಟಿದ್ದನ್ನೇ ಹುಡುಕಿ ಹರಿಯುತ್ತಾರೆ. ಯಾಕೆ ಕಾಕು ಎಂದು ಕೇಳಿದೆ.

"ದಾರಾ ಕಟ್ಟಿ ದೇವರಿಗೆ ಬೇಡ್ಕೊಂಡೀರಿ ಅಂತ ತಿಳ್ಕೊಂಡೆನವಾ. ನೀವು ಏರಸೂದು ಮರತೀರಿ, ನಾ ಮುಟ್ಟಿಸಿದೆ."

ಉಪಕಾರ ಬೇರೆ!

ದಾರ ಬಿಟ್ಟು ಹೂವಿಗೆ ಕಾಗದದ ಚೀಲ ಕಟ್ಟಿದೆವು. "ದೃಷ್ಟಿ ಆಗಬಾರದಂತ ಮುಚ್ಚೀರೇನ? ಹಂಗಾರ ಚೊಲೋ ಹೂವ ಇರಬೇಕ" ಎಂದು ಚೀಲದ ಸಮೇತ ಒಯ್ದರು. 'ಹೂವು ಹರಿಯಬೇಡಿ' ಎಂದು ಬೋರ್ಡ್ ಹಾಕಿದೆವು. "ಅದು ಮಂದಿಗೆ ಬರದದ್ದು, ದೇವರಿಗಲ್ಲ" ಎಂದರು. ದೇವರಿಗೆ ಹರಿದರೆ ಕಳವಲ್ಲವಂತೆ. ಹಾಗಾದರೆ ನಿಮ್ಮ ಕಲರ್ ಟಿ.ವಿ.ಯನ್ನು ನಾವೂ ಒಯ್ದು ನಮ್ಮ ದೇವರ ಮುಂದೆ ಇಡೋಣವೇ? (ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.)

ಒಂದು ವರ್ಷ ಕಾಕು ಮಗಳ ಬಾಣಂತನಕ್ಕೆ ಅಥಣಿಗೆ ಹೋದರು. ಆಗ ಉಳಿಯಿತು ನೋಡಿ, ಒಂದೇ ಒಂದು ಕಾಯಿ! ಆ ಬೀಜದಿಂದ ಬಂದ ಗಿಡ ಈಗ ದಿನಕ್ಕೊಂದು ಹೂ ಬಿಡುತ್ತಿದೆ. ಕುಂಕುಮದ ಬಣ್ಣ, ಅಂಗೈಯಷ್ಟು ಅಗಲ. ಆದರೆ ಸಂಜೆವರೆಗೆ ಇರುತ್ತದೆಯೇ? ಗೊತ್ತಾಗುವುದು ಹೇಗೆ? ಬೆಳಿಗ್ಗೆಯೇ ಮಾಯ! ಅಪ್ಪ ಕಾವಲು ಕೂತರೆ ಅಪ್ಪನ ಮುಂದೆಯೇ ಹರಿದು, "ಎದ್ದೀ ಏನೋ ತಮ್ಮಾ?" ಎನ್ನುತ್ತಾರೆ. ಅಪ್ಪ "ಹೂಂ ಅಕ್ಕಾರ" ಎನ್ನುತ್ತಾರೆ. ದೇವರಿಗೆ ಅಂದ ಮೇಲೆ ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.

ಅದಕ್ಕೇ ಭಾನುವಾರದ ಈ ಸವಾರಿ. ಟಿ.ವಿ.ಯಲ್ಲಿ ಸಿನಿಮಾ ನೋಡಲು ಓಣಿಯೆಲ್ಲ ಕಾಕು ಮನೆಯಲ್ಲಿ ಸೇರಿತ್ತು. ಅಪ್ಪ ನೆಟ್ಟಗೆ ದೇವರ ಕೋಣೆಗೆ ನಡೆದರು. ದೀಪದ ಬೆಳಕಿನಲ್ಲಿ ಹೂವು ಬೆಳಗಿನಷ್ಟೇ ಅರಳಿ ಕೂತಿತ್ತು. ಒಂದು ಎಸಳೂ ಮುದುಡಿರಲಿಲ್ಲ. ಅಪ್ಪನ ಕಣ್ಣು ತುಂಬಿದವು. ಅಜ್ಜ ಇರಬೇಕಿತ್ತು.

ಅಷ್ಟರಲ್ಲಿ ಕಾಕು ಓಣಿಯನ್ನೆಲ್ಲ ಕರೆದರು. "ನೋಡ ಬರ್ರಿ! ಮುಂಜಾನೆ ಏರಿಸಿದ ಹೂವ, ಇನ್ನಾ ಬಾಡಿಲ್ಲ! ಇಷ್ಟ ವರ್ಷದ ನೇಮ ನಂದು, ಸುಳ್ಳ ಆಗತೈತೇನ?"

ಎಲ್ಲರೂ ಕೈಮುಗಿದರು. ಅಪ್ಪ ಮೆಲ್ಲಗೆ, "ಅಕ್ಕಾರ, ಅದು ನಮ್ಮಪ್ಪ ಸುರು ಮಾಡಿದ..." ಎಂದರು.

"ಹೌದೋ ತಮ್ಮಾ, ಗಿಡಾ ನಿಮ್ಮದ. ಭಕ್ತಿ ಯಾರದು?"

ಸೋಮವಾರದಿಂದ ನರ್ಸರಿಯಲ್ಲಿ ಒಂದೇ ಗದ್ದಲ. ಕಬ್ಬೂರಿನಿಂದಲೂ ಜನ ಬರುತ್ತಿದ್ದಾರೆ. "ಕಾಕುನ ದಾಸಾಳ ಐತೇನ್ರಿ?" ಅಪ್ಪ ತಗಡಿನ ಮೇಲೆ 'ಮಲ್ಲಪ್ಪ' ಎಂದು ಬರೆದು ಗಿಡದ ಬುಡಕ್ಕೆ ಚುಚ್ಚಿದ್ದಾರೆ. ಬಗ್ಗಿ ಓದಿದವರು ಒಬ್ಬರೂ ಇಲ್ಲ. ಇವತ್ತು ಬೆಳಿಗ್ಗೆ ಅಪ್ಪ ಆ ತಗಡಿನ ಮಣ್ಣು ಒರೆಸುತ್ತ ಕೂತಿದ್ದರು. ಗಿಡದಲ್ಲಿ ಹೂವಿರಲಿಲ್ಲ.

ದೇವರಿಗೆಂದು ಹೂವು ಹರಿದರೆ ಕಳವಲ್ಲ, ಒಪ್ಪಿಕೊಂಡೆ. ಅಜ್ಜನ ಹೆಸರನ್ನೇ ಹರಿದುಕೊಂಡು ಹೋದರೆ ಅದಕ್ಕೆ ಏನೆನ್ನಬೇಕ್ರಿ?